ಗಟ್ಟಿ ತವರ, ಕರಗಿದ ತವರ: ಲೇಸರ್ ಅಬ್ಲೇಶನ್ ಪ್ರಯೋಗ ಮಾಡುವ ಬಗೆ

ನುಣುಪಾದ ತಾಮ್ರದ ತಗಡಿನ ಮೇಲೆ ಒಂದು ಲೇಸರ್ ಪಲ್ಸ್ ಬಿಟ್ಟರೆ ಕುಳಿ ಉಳಿಯುತ್ತದೆ. ಅದರ ಅಗಲವನ್ನು ಸೂಕ್ಷ್ಮದರ್ಶಕದಡಿ ಅಳೆಯಬಹುದು, ಅನುಮಾನ ಬಂದರೆ ನಾಳೆ ಮತ್ತೆ ಅಳೆಯಬಹುದು. ಅದೇ ಪಲ್ಸನ್ನು ಕರಗಿದ ತವರದ ಮೇಲೆ ಬಿಟ್ಟರೆ ಸ್ವಲ್ಪ ಹೊತ್ತು ಅಲೆ ಎದ್ದು, ಆಮೇಲೆ ಏನೂ ಆಗದಂತೆ ಮೇಲ್ಮೈ ಮುಚ್ಚಿಕೊಳ್ಳುತ್ತದೆ. ಗಟ್ಟಿ ಲೋಹದಲ್ಲಿ ಕಲಿತ ಅಳತೆಯ ವಿಧಾನಗಳಲ್ಲಿ ಅರ್ಧದಷ್ಟು ದ್ರವ ಲೋಹದ ಮುಂದೆ ಕೆಲಸಕ್ಕೆ ಬಾರವು. ಎರಡನ್ನೂ ನ್ಯಾಯವಾಗಿ ಹೋಲಿಸಬೇಕಾದರೆ ಎರಡಕ್ಕೂ ಹೊಂದುವ ಅಳತೆಗೋಲನ್ನು ಮೊದಲೇ ಆರಿಸಿಕೊಳ್ಳಬೇಕು. ಈ ಬರಹ ಅದಕ್ಕಾಗಿ.

ಅಬ್ಲೇಶನ್ ಎಂದರೆ ಚಿಕ್ಕ, ಬಲವಾದ ಪಲ್ಸ್ ಬಿದ್ದ ಕೂಡಲೆ ಲೋಹದ ಮೇಲ್ಪದರ ಕಾದು, ಕರಗಿ, ಆವಿಯಾಗಿ, ಪ್ಲಾಸ್ಮಾ (ವಿದ್ಯುತ್ ಕಣಗಳಾಗಿ ಒಡೆದ ಬಿಸಿ ಅನಿಲ) ಆಗಿ ಚಿಮ್ಮಿಹೋಗುವುದು. ಹೋಲಿಕೆಗೆ ತವರ ತುಂಬ ಒಳ್ಳೆಯ ಲೋಹ. ಅದು 231.93 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಆದರೆ ಕುದಿಯುವುದು 2600 ಡಿಗ್ರಿಯ ಆಸುಪಾಸಿನಲ್ಲಿ. ಹೀಗಾಗಿ ನಿರ್ವಾತದಲ್ಲಿ ಕರಗಿಸಿಟ್ಟರೂ ತಾನಾಗಿ ಆವಿಯಾಗುವುದಿಲ್ಲ ಎನ್ನಬಹುದು. ಚಿಪ್ ತಯಾರಿಕೆಯ 13.5 ನ್ಯಾನೊಮೀಟರ್ ಬೆಳಕಿನ ಯಂತ್ರಗಳೂ ಇದೇ ಲೋಹವನ್ನು ನಂಬಿವೆ. ಅಲ್ಲಿ ಸುಮಾರು 25 ಮೈಕ್ರಾನ್ ಅಳತೆಯ ತವರದ ಹನಿಗಳು ಸೆಕೆಂಡಿಗೆ 50,000ದಂತೆ ಬೀಳುತ್ತವೆ. ಮೊದಲ ಪಲ್ಸ್ ಹನಿಯನ್ನು ಚಪ್ಪಟೆ ಮಾಡುತ್ತದೆ, ಎರಡನೆಯದು ಅದನ್ನು ಪ್ಲಾಸ್ಮಾ ಮಾಡುತ್ತದೆ.

ಮೊದಲು ಒಂದು ಲೆಕ್ಕ. ತವರವನ್ನು 200 ಡಿಗ್ರಿಯಲ್ಲಿ ಗಟ್ಟಿಯಾಗಿಯೂ 260 ಡಿಗ್ರಿಯಲ್ಲಿ ದ್ರವವಾಗಿಯೂ ಇಟ್ಟು ಹೋಲಿಸುತ್ತೇವೆ ಎನ್ನಿ. ಕರಗಲು ಬೇಕಾದ ಗುಪ್ತೋಷ್ಣ ಕಿಲೋಗ್ರಾಂಗೆ ಸುಮಾರು 60 ಕಿಲೋಜೌಲ್, ಆ 60 ಡಿಗ್ರಿ ಏರಲು ಇನ್ನೊಂದು 15 ಕಿಲೋಜೌಲ್, ಒಟ್ಟು 75. ಅಲ್ಲಿಂದ ಕುದಿಯುವ ಮಟ್ಟಕ್ಕೆ ಕಾಯಿಸಿ ಆವಿ ಮಾಡಲು ಸುಮಾರು 3000 ಕಿಲೋಜೌಲ್ ಬೇಕು. ಅಂದರೆ ಕರಗಿಸಿ ಇಟ್ಟದ್ದರಿಂದ ಲೇಸರ್‌ಗೆ ಉಳಿತಾಯವಾದ ಕೆಲಸ ನೂರಕ್ಕೆ ಎರಡೂವರೆಯಷ್ಟು ಮಾತ್ರ. ಆದ್ದರಿಂದ ಕರಗಿದ ತವರದಲ್ಲಿ ಎರಡು ಪಟ್ಟೋ ಐದು ಪಟ್ಟೋ ಹೆಚ್ಚು ಲೋಹ ಹಾರಿಹೋದದ್ದು ಕಂಡರೆ ಅದಕ್ಕೆ ಶಾಖದ ಲೆಕ್ಕ ಕಾರಣವಲ್ಲ. ಹನಿ ಸಿಡಿದಿದೆ, ಅಥವಾ ಮೇಲಿನ ಆಕ್ಸೈಡ್ ಪೊರೆ ಆಟವಾಡಿದೆ, ಅಥವಾ ಹೀರಿದ ಬೆಳಕಿನ ಪಾಲು ಬದಲಾಗಿದೆ. ಈ ಮೂರನ್ನು ಬೇರ್ಪಡಿಸುವುದೇ ಪ್ರಯೋಗದ ತಿರುಳು.

ಕಣ್ಣು ಮೊದಲು

ಇಲ್ಲಿ ಬಳಸುವುದು 1064 ನ್ಯಾನೊಮೀಟರ್‌ನ ಎನ್‌ಡಿ-ಯಾಗ್ ಲೇಸರ್, 8 ನ್ಯಾನೊಸೆಕೆಂಡಿನ ಪಲ್ಸ್, 100 ಮಿಲಿಜೌಲ್ ವರೆಗಿನ ಶಕ್ತಿ. ಇದು ನಾಲ್ಕನೇ ದರ್ಜೆಯ, ಅಂದರೆ ಅತಿ ಅಪಾಯದ ವರ್ಗದ ಲೇಸರ್. ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಮಸೂರ ಅದನ್ನು ನೇರ ರೆಟಿನಾದ ಮೇಲೆ ಕೂಡಿಸುತ್ತದೆ. ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ 1064ಕ್ಕೆ ಆಪ್ಟಿಕಲ್ ಡೆನ್ಸಿಟಿ 7 (ಬೆಳಕನ್ನು ಕೋಟಿಯಲ್ಲಿ ಒಂದು ಪಾಲಿಗೆ ಇಳಿಸುವಷ್ಟು) ಅಥವಾ ಹೆಚ್ಚಿರುವ ಕನ್ನಡಕ ಬೇಕು. ವಾಚು, ಉಂಗುರ, ಬಳೆ ತೆಗೆದಿಡಿ. ಕಿರಣದ ದಾರಿಯ ಹೊಂದಾಣಿಕೆಯನ್ನು ಅದೇ ದಾರಿಯಲ್ಲಿ ಹೋಗುವ ಒಂದು ಮಿಲಿವ್ಯಾಟ್‌ಗಿಂತ ಕಡಿಮೆಯ ಕೆಂಪು ಡಯೋಡ್ ಕಿರಣದಲ್ಲಿ ಮಾಡಿ.

ದ್ರವ ಲೋಹದಿಂದ ಬರುವ ಅಪಾಯ ಒಂದು ಹೆಚ್ಚು: ಅದು ಅಲುಗಾಡುವ ಕನ್ನಡಿ. ಮೇಲ್ಮೈ ಒಂದು ಡಿಗ್ರಿ ವಾಲಿದರೆ ಪ್ರತಿಫಲಿಸಿದ ಕಿರಣ ಎರಡು ಡಿಗ್ರಿ ಸರಿಯುತ್ತದೆ, 300 ಮಿಲಿಮೀಟರ್ ದೂರದಲ್ಲಿ ಅದು 10 ಮಿಲಿಮೀಟರಿಗೂ ಹೆಚ್ಚು. ಹಾಗಾಗಿ ಪ್ರತಿಫಲಿತ ಕಿರಣವನ್ನು ನುಂಗುವ ಡಂಪ್‌ನ ಬಾಯಿ 50 ಮಿಲಿಮೀಟರಾದರೂ ಅಗಲ ಇರಲಿ. ಕಿರಣವನ್ನು ನೆಟ್ಟಗೆ ಮೇಲಿನಿಂದ ಬಿಟ್ಟರೆ ಅದು ಬಂದ ದಾರಿಯಲ್ಲೇ ಹಿಂದಿರುಗಿ, ಬೆಳಕು ಹುಟ್ಟುವ ಹರಳಾದ ಲೇಸರ್ ರಾಡ್‌ಗೇ ಹೊಡೆತ ಕೊಡುತ್ತದೆ. 45 ಡಿಗ್ರಿ ಓರೆಯಾಗಿ ಬಿಡಿ.

ಪ್ರತಿ ಪಲ್ಸೂ ನ್ಯಾನೊ ಅಳತೆಯ ಲೋಹದ ಧೂಳನ್ನು ಎಬ್ಬಿಸುತ್ತದೆ. ನಿರ್ವಾತ ಕೊಠಡಿಯ (ಪ್ರಯೋಗ ನಡೆಯುವ ಮುಚ್ಚಿದ ಪೆಟ್ಟಿಗೆಯ) ಮುಚ್ಚಳ ತೆರೆಯುವ ಮೊದಲು ಹೆಪಾ ಫಿಲ್ಟರ್ ಮೂಲಕ ಎರಡು ಮೂರು ಸಲ ಗಾಳಿ ಎಳೆದು ತೆಗೆಯಿರಿ, ಒಳಗೆ ಒರೆಸುವಾಗ ಒದ್ದೆ ಬಟ್ಟೆ ಬಳಸಿ, ಪಿ-100 ಅಥವಾ ಎಫ್‌ಎಫ್‌ಪಿ-3 ಮಾಸ್ಕ್ ಹಾಕಿ. ಅಲ್ಯೂಮಿನಿಯಂ, ಮೆಗ್ನೀಸಿಯಂ ಬಳಸಿದ್ದರೆ ಆ ಧೂಳು ಗಾಳಿ ಸೋಕಿದಾಗ ಹೊತ್ತಿಕೊಳ್ಳಬಹುದು. ಅಂಥಲ್ಲಿ ಗಾಳಿಯನ್ನು ನಿಧಾನವಾಗಿ ಬಿಡಬೇಕು. ಪಾದರಸ ಕೋಣೆಯ ಉಷ್ಣತೆಯಲ್ಲೇ ದ್ರವ ಎಂದು ಆಸೆ ಪಡಬೇಡಿ. ಅದರ ಆವಿ 25 ಡಿಗ್ರಿಯಲ್ಲೇ ವಿಷದ ಮಟ್ಟ ಮುಟ್ಟುತ್ತದೆ, ನಿರ್ವಾತ ಪಂಪಿನ ಎಣ್ಣೆಯೂ ಹಾಳು.

ತಾಮ್ರದ ತಗಡಿನಲ್ಲಿ ಕಿರಣವನ್ನು ಅಳೆಯಿರಿ

ಕರಗಿದ ಲೋಹಕ್ಕೆ ಹೋಗುವ ಮೊದಲು ಕಿರಣ ಲೋಹದ ಮೇಲೆ ನಿಜವಾಗಿ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂದು ತಿಳಿದಿರಬೇಕು. ಶಕ್ತಿ ಗೊತ್ತಿದ್ದು ಕಿರಣದ ಅಗಲ ಗೊತ್ತಿಲ್ಲದಿದ್ದರೆ ಯಾವ ಅಂಕಿಗೂ ಅರ್ಥವಿಲ್ಲ.

ಮಸೂರ 300 ಮಿಲಿಮೀಟರ್ ನಾಭಿದೂರದ್ದಾಗಿರಲಿ. 150ರದ್ದು ಕಿರಣವನ್ನು ಇನ್ನೂ ಕಿರಿದು ಮಾಡುತ್ತದೆ ನಿಜ, ಆದರೆ ದ್ರವ ಲೋಹದ ಮಟ್ಟ ಏರಿಳಿಯುತ್ತದೆ, ಹನಿಯೂ ಸಿಡಿಯುತ್ತದೆ. ಲೇಸರ್ ಕಿರಣದ ಅರ್ಧವ್ಯಾಸ 3 ಮಿಲಿಮೀಟರ್, ಕಿರಣ ಆದರ್ಶಕ್ಕಿಂತ ಎಷ್ಟು ಪಟ್ಟು ಹರಡುತ್ತದೆ ಎಂಬ ಗುಣಾಂಕ ಎಂ-ಸ್ಕ್ವೇರ್ 2 ಎಂದಿಟ್ಟುಕೊಂಡರೆ 150ರ ಮಸೂರಕ್ಕೆ ನಾಭಿಯಲ್ಲಿ ಅರ್ಧವ್ಯಾಸ ಸುಮಾರು 34 ಮೈಕ್ರಾನ್, ಆಳದ ಸಡಿಲಿಕೆ (ಮೇಲ್ಮೈ ನಾಭಿಯಿಂದ ಎಷ್ಟು ಸರಿದರೂ ಕಿರಣ ಹೆಚ್ಚು ಅಗಲವಾಗದು ಎಂಬ ಅಳತೆ) 1.7 ಮಿಲಿಮೀಟರ್. 300ರದ್ದಕ್ಕೆ 68 ಮೈಕ್ರಾನ್, ಸಡಿಲಿಕೆ 6.8 ಮಿಲಿಮೀಟರ್. ನಾಲ್ಕು ಪಟ್ಟಾದ ಆ ಸಡಿಲಿಕೆಯೇ ದ್ರವದಲ್ಲಿ ನಿಮ್ಮನ್ನು ಕಾಯುವುದು.

ಶಕ್ತಿಯನ್ನು ಹೆಚ್ಚು ಕಡಿಮೆ ಮಾಡಲು ಲೇಸರ್‌ನ ದೀಪದ ವೋಲ್ಟೇಜನ್ನಾಗಲಿ, ಕ್ಯೂ-ಸ್ವಿಚ್ (ಕೂಡಿಟ್ಟ ಶಕ್ತಿಯನ್ನು ಒಮ್ಮೆಲೆ ಪಲ್ಸಾಗಿ ಬಿಡುವ ಬಾಗಿಲು) ತೆರೆಯುವ ತಡವನ್ನಾಗಲಿ ಮುಟ್ಟಬೇಡಿ. ವೋಲ್ಟೇಜ್ ಬದಲಾದರೆ ರಾಡ್ ಕಾಯುವ ಬಗೆ ಬದಲಾಗಿ ಕಿರಣದ ಹರಡುವಿಕೆ ಬದಲಾಗುತ್ತದೆ. ತಡ ಬದಲಾದರೆ ಪಲ್ಸಿನ ಉದ್ದವೇ ಬದಲಾಗುತ್ತದೆ. ದೀಪಗಳನ್ನು 10 ಹರ್ಟ್ಜ್‌ನಲ್ಲಿ ಸದಾ ಉರಿಸಿ, ಕ್ಯೂ-ಸ್ವಿಚ್ ಮಾತ್ರ ಬೇಕಾದಾಗ ತೆರೆಯಿರಿ. ಲೇಸರ್ ಹಾಕಿ ಅರ್ಧ ಗಂಟೆ ಬಿಟ್ಟು ಅಳತೆ ಶುರುಮಾಡಿ. 100 ಮಿಲಿಜೌಲ್ ಕಿರಣದಿಂದ ಲೇಪವಿಲ್ಲದ ಗಾಜಿನ ಬೆಣೆಯ ಪ್ರತಿಫಲನ ತೆಗೆದುಕೊಂಡರೆ ಸುಮಾರು 4 ಮಿಲಿಜೌಲ್ ಸಿಗುತ್ತದೆ, ಉಳಿದದ್ದು ಡಂಪ್‌ಗೆ. ಅದರ ಮುಂದೆ ಬೆಳಕಿನ ಧ್ರುವೀಕರಣವನ್ನು (ಅಲೆಯ ಕಂಪನದ ದಿಕ್ಕನ್ನು) ತಿರುಗಿಸುವ ಅರ್ಧ-ತರಂಗ ಫಲಕ, ಅದರ ಮುಂದೆ ಒಂದೇ ದಿಕ್ಕಿನದನ್ನು ಬಿಡುವ ಪೋಲರೈಸರ್. ಫಲಕ ತಿರುಗಿಸಿದಂತೆ ಶಕ್ತಿ ಇಳಿಯುತ್ತದೆ. ಪೋಲರೈಸರ್ ಕೊನೆಯಲ್ಲಿರುವುದರಿಂದ ಲೋಹಕ್ಕೆ ಮುಟ್ಟುವ ಬೆಳಕಿನ ಧ್ರುವೀಕರಣ ಬದಲಾಗುವುದಿಲ್ಲ. ಓರೆ ಕಿರಣದಲ್ಲಿ ಇದು ಮುಖ್ಯ, ಏಕೆಂದರೆ ಲೋಹ ಎಷ್ಟು ಹೀರುತ್ತದೆ ಎಂಬುದು ಧ್ರುವೀಕರಣವನ್ನು ಅವಲಂಬಿಸಿದೆ.

ತಾಮ್ರ ಶೇ. 99.9 ಶುದ್ಧವಿರಲಿ, 2 ಮಿಲಿಮೀಟರ್ ದಪ್ಪ ಸಾಕು. 400, 800, 1200 ಉಜ್ಜುಕಾಗದ, ಆಮೇಲೆ 3 ಮತ್ತು 1 ಮೈಕ್ರಾನ್ ವಜ್ರದ ಪೇಸ್ಟ್. ಅಸಿಟೋನ್‌ನಲ್ಲಿ ಐದು ನಿಮಿಷ, ಐಸೊಪ್ರೊಪನಾಲ್‌ನಲ್ಲಿ ಐದು ನಿಮಿಷ ಅಲ್ಟ್ರಾಸಾನಿಕ್ ತೊಳೆತ. ಗೀರು ಉಳಿದ ಕಡೆ ಕುಳಿ ಬೇಗ ಏಳುತ್ತದೆ, ಆ ಅಂಕಿ ಸುಳ್ಳು.

ಕಿರಣವನ್ನು ಬಹುಮಟ್ಟಿಗೆ ನೇರವಾಗಿ, ಹಿಂದಿರುಗಿದ್ದು ಲೇಸರ್ ಸೇರದಷ್ಟು ಮಾತ್ರ ಓರೆಯಾಗಿ ಬಿಟ್ಟು, ಎಂಟು ಹತ್ತು ಬೇರೆ ಬೇರೆ ಶಕ್ತಿಗಳಲ್ಲಿ, ಪ್ರತಿಯೊಂದಕ್ಕೂ ಹತ್ತು ಹೊಸ ಜಾಗದಲ್ಲಿ ಒಂದೊಂದೇ ಪಲ್ಸ್ ಹೊಡೆಯಿರಿ. ಕುಳಿಗಳ ನಡುವೆ ವ್ಯಾಸದ ಮೂರು ಪಟ್ಟಾದರೂ ಅಂತರವಿರಲಿ. ಪ್ರತಿ ಪಲ್ಸಿನ ಶಕ್ತಿಯನ್ನೂ ಪಕ್ಕಕ್ಕೆ ತೆಗೆದ ಕಿರಣದಿಂದ ಪೈರೊಎಲೆಕ್ಟ್ರಿಕ್ ಮೀಟರ್‌ನಲ್ಲಿ ಓದಿ ಬರೆದುಕೊಳ್ಳಿ. ಆಮೇಲೆ 1982ರಲ್ಲಿ ಜೆ. ಎಂ. ಲಿಯು ಪ್ರಕಟಿಸಿದ ವಿಧಾನ: ಕುಳಿಯ ವ್ಯಾಸದ ವರ್ಗವನ್ನು ಶಕ್ತಿಯ ನ್ಯಾಚುರಲ್ ಲಾಗರಿತಮ್ ಎದುರು ಗುರುತಿಸಿದರೆ ನೇರ ಗೆರೆ ಬರುತ್ತದೆ. ಗೆರೆಯ ಇಳಿಜಾರು ಕಿರಣದ ಅರ್ಧವ್ಯಾಸದ ವರ್ಗದ ಎರಡರಷ್ಟು. ಗೆರೆ ಸೊನ್ನೆಯನ್ನು ಮುಟ್ಟುವ ಶಕ್ತಿಯೇ ಹೊಸ್ತಿಲು, ಅಂದರೆ ಅದಕ್ಕಿಂತ ಕಡಿಮೆ ಬಿದ್ದರೆ ಲೋಹ ಏಳುವುದಿಲ್ಲ.

ಲೆಕ್ಕದ ಮಾದರಿ ಹೀಗೆ. ಅರ್ಧವ್ಯಾಸ 68 ಮೈಕ್ರಾನ್ ಆದರೆ ಇಳಿಜಾರು 9248 ಚದರ ಮೈಕ್ರಾನ್ ಬರಬೇಕು. ಹೊಸ್ತಿಲು 0.2 ಮಿಲಿಜೌಲ್ ಎಂದುಕೊಂಡರೆ 1 ಮಿಲಿಜೌಲ್‌ಗೆ ಕುಳಿಯ ವ್ಯಾಸ 122 ಮೈಕ್ರಾನ್, 2 ಮಿಲಿಜೌಲ್‌ಗೆ 146. ಗರಿಷ್ಠ ಫ್ಲೂಯೆನ್ಸ್ ಎಂದರೆ ಶಕ್ತಿಯ ಎರಡರಷ್ಟನ್ನು ಕಿರಣದ ವಿಸ್ತೀರ್ಣದಿಂದ ಭಾಗಿಸಿದ್ದು. 0.2 ಮಿಲಿಜೌಲ್‌ಗೆ ಅದು ಚದರ ಸೆಂಟಿಮೀಟರಿಗೆ 2.75 ಜೌಲ್. ಆ ಎರಡರಷ್ಟು ಎಂಬುದನ್ನು ಮರೆಯುವವರು ಬಹಳ. ಗಾಸಿಯನ್ (ನಡುವೆ ಬಲವಾಗಿ, ಅಂಚಿಗೆ ಕ್ಷೀಣಿಸುವ) ಕಿರಣದ ನಡುಮಧ್ಯದ ಬೆಲೆ ಸರಾಸರಿಯ ಎರಡರಷ್ಟು ಇರುತ್ತದೆ, ಹೋಲಿಸುವ ಅಂಕಿ ಯಾವುದೆಂದು ಬರೆಯದಿದ್ದರೆ ಇನ್ನೊಬ್ಬರ ಫಲಿತಾಂಶದ ಜೊತೆ ಸದಾ ಎರಡು ಪಟ್ಟಿನ ಜಗಳ.

ನ್ಯಾನೊಸೆಕೆಂಡ್ ಪಲ್ಸಿನಲ್ಲಿ ಕುಳಿಯ ಸುತ್ತ ಕರಗಿ ಹೆಪ್ಪುಗಟ್ಟಿದ ಒಂದು ಅಂಚು ಇರುತ್ತದೆ. ವ್ಯಾಸ ಅಳೆಯುವಾಗ ಒಳ ಅಂಚನ್ನೋ ಹೊರ ಅಂಚನ್ನೋ ಒಂದನ್ನೇ ಕೊನೆಯವರೆಗೆ ಹಿಡಿಯಿರಿ. ಹೊರ ಅಂಚು ಕರಗುವ ಹೊಸ್ತಿಲನ್ನು ಹೇಳುತ್ತದೆ, ಆವಿಯಾಗುವ ಹೊಸ್ತಿಲನ್ನಲ್ಲ.

ತವರದ ಮೂಸೆ

ತವರ ಶೇ. 99.99 ಶುದ್ಧ ಬೇಕು. ಬೆಸುಗೆ ತಂತಿ ಬೇಡ, ಅದರಲ್ಲಿ ಸೀಸವೋ ಬೆಳ್ಳಿಯೋ ಇರುತ್ತದೆ, ಒಳಗೆ ಫ್ಲಕ್ಸೂ ಇರುತ್ತದೆ. ಮೂಸೆ ಗ್ರ್ಯಾಫೈಟಿನದು: ಒಳವ್ಯಾಸ 40 ಮಿಲಿಮೀಟರ್, ಆಳ 12. ಇಷ್ಟು ಅಗಲ ಏಕೆ ಎಂದರೆ, ತವರ ಗ್ರ್ಯಾಫೈಟಿಗೆ ಅಂಟುವುದಿಲ್ಲ. ಅಂಚಿನಲ್ಲಿ ದುಂಡಗೆ ಬಾಗುತ್ತದೆ, ಆ ಬಾಗು ಸುಮಾರು 3 ಮಿಲಿಮೀಟರಿನ ಅಳತೆಯಲ್ಲಿ ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ಕಿರಿದಾದ ಮೂಸೆಯಲ್ಲಿ ಮೇಲ್ಮೈ ಪೂರ್ತಿ ಉಬ್ಬು ಕನ್ನಡಿ. 6 ಮಿಲಿಮೀಟರಿಗಿಂತ ತೆಳುವಾಗಿ ಸುರಿದರೆ ತವರ ತಳವನ್ನೇ ಮುಚ್ಚದೆ ಗುಡ್ಡೆಯಾಗಿ ನಿಲ್ಲುತ್ತದೆ. 8 ಮಿಲಿಮೀಟರ್ ಆಳಕ್ಕೆ ಸುಮಾರು 70 ಗ್ರಾಂ ಬೇಕಾಗುತ್ತದೆ. ತಾಮ್ರದ ಮೂಸೆ ಆಗದು, ಕರಗಿದ ತವರ ತಾಮ್ರವನ್ನು ತಿಂದು ಮಿಶ್ರಲೋಹವಾಗುತ್ತದೆ.

ಗಾಳಿಯಲ್ಲಿ ಕರಗಿಸಿದ ತವರದ ಮೇಲೆ ಹಾಲಿನ ಕೆನೆಯಂತೆ ಕಿಟ್ಟ ಕಟ್ಟುತ್ತದೆ. ಕೆರೆದಷ್ಟೂ ಮತ್ತೆ ಕಟ್ಟುತ್ತದೆ. ಸುಲಭ ಉಪಾಯ ತಳದಿಂದ ಸೋಸುವುದು. ಆರ್ಗಾನ್ ತುಂಬಿದ ಪೆಟ್ಟಿಗೆಯಲ್ಲಿ, ತಳದಲ್ಲಿ 2 ಮಿಲಿಮೀಟರ್ ರಂಧ್ರವಿರುವ ಗ್ರ್ಯಾಫೈಟ್ ಆಲಿಕೆಯಲ್ಲಿ ತವರ ಕರಗಿಸಿ. ಮೇಲ್ಮೈ ಎಳೆತ ರಂಧ್ರವನ್ನು ತಡೆಹಿಡಿಯುತ್ತದೆ. 2 ಮಿಲಿಮೀಟರ್ ರಂಧ್ರ ದಾಟಲು ಸುಮಾರು 17 ಮಿಲಿಮೀಟರ್ ಎತ್ತರದ ತವರ ಬೇಕು, 1 ಮಿಲಿಮೀಟರ್ ರಂಧ್ರಕ್ಕೆ 33. ಅಷ್ಟು ತುಂಬಿದ ಕೂಡಲೆ ಶುದ್ಧ ಲೋಹ ಕೆಳಗಿನ ಮೂಸೆಗೆ ಇಳಿಯುತ್ತದೆ, ಕಿಟ್ಟ ಆಲಿಕೆಯಲ್ಲೇ ಉಳಿಯುತ್ತದೆ. ಕೊನೆಯ ಭಾಗವನ್ನು ಹಿಂಡಲು ಹೋಗಬೇಡಿ, ಅದರಲ್ಲೇ ಕಿಟ್ಟ ಇರುವುದು.

ಮೂಸೆಯನ್ನು ನಿರ್ವಾತ ಕೊಠಡಿಗೆ ಸೇರಿಸಿ, 350 ಡಿಗ್ರಿಯಲ್ಲಿ ಒಂದು ಗಂಟೆ ಬಿಡಿ. ಒಳಗಿನ ಅನಿಲ ಗುಳ್ಳೆಗಳಾಗಿ ಹೊರಬರುತ್ತದೆ. ಈ ಹಂತ ಬಿಟ್ಟರೆ ಪ್ರಯೋಗದ ನಡುವೆ ಗುಳ್ಳೆ ಒಡೆದು, ಲೇಸರ್ ಹೊಡೆಯದಿದ್ದರೂ ಹನಿ ಸಿಡಿಯುತ್ತದೆ, ನೀವು ಅದನ್ನು ಅಬ್ಲೇಶನ್ ಎಂದು ಎಣಿಸುತ್ತೀರಿ.

ಕೆ-ಬಗೆಯ ಥರ್ಮೋಕಪಲ್ಲನ್ನು ಮೂಸೆಯ ಗೋಡೆಯಲ್ಲಿ ಕೊರೆದ ರಂಧ್ರದಲ್ಲಿ ಇಡಿ. ಅದು ತೋರಿಸುವುದು ಗೋಡೆಯ ಉಷ್ಣತೆ. ಸರಿಪಡಿಸಿಕೊಳ್ಳಲು ತವರವೇ ದಾರಿ ಕೊಡುತ್ತದೆ: ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸುತ್ತಾ ಹೋದರೆ ಮೊದಲು ಕರಗುಬಿಂದುವಿಗಿಂತ ಕೆಳಕ್ಕೆ ಜಾರಿ, ಆಮೇಲೆ ಒಮ್ಮೆಲೆ ಮೇಲೆದ್ದು, ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ನಿಂತ ಮಟ್ಟ 231.93. ಥರ್ಮೋಕಪಲ್ ಅಲ್ಲಿ 238 ಎಂದು ತೋರಿಸಿದರೆ ಆರು ಡಿಗ್ರಿ ಕಳೆದು ಓದಿ.

ನಿರ್ವಾತ ಎಷ್ಟು? ಆವಿ 10 ಸೆಂಟಿಮೀಟರ್ ಅಡೆತಡೆಯಿಲ್ಲದೆ ಹಾರಲು 0.01 ಪ್ಯಾಸ್ಕಲ್ ಸಾಕು. ಮೇಲ್ಮೈ ಶುದ್ಧವಾಗಿ ಉಳಿಯಲು ಅದು ಸಾಲದು. 10ರ ಮೈನಸ್ 4 ಪ್ಯಾಸ್ಕಲ್‌ನಲ್ಲಿ ಕೂಡ, ಬಡಿದ ಪ್ರತಿ ಅನಿಲ ಅಣುವೂ ಅಂಟಿಕೊಂಡರೆ, ಸುಮಾರು ಒಂದು ಸೆಕೆಂಡಿನಲ್ಲಿ ಒಂದು ಅಣುಪದರ ಕೂರುತ್ತದೆ. ಆದ್ದರಿಂದ ಅಳತೆಗೆ ಮೊದಲು ಅದೇ ಜಾಗಕ್ಕೆ ಹತ್ತು ಪಲ್ಸ್ ಹೊಡೆದು ಪೊರೆ ಕಿತ್ತು, ತಡಮಾಡದೆ ಅಳತೆಗೆ ಇಳಿಯಿರಿ. ಗಟ್ಟಿ ತವರಕ್ಕೂ ಇದೇ ಹತ್ತು ಪಲ್ಸ್ ಕೊಡಿ, ಇಲ್ಲವಾದರೆ ಹೋಲಿಕೆ ಕೆಟ್ಟಿತು.

ಗಟ್ಟಿಯಾಗಿ, ಆಮೇಲೆ ದ್ರವವಾಗಿ

ಮೊದಲು 200 ಡಿಗ್ರಿಯಲ್ಲಿ, ಅದೇ ಮೂಸೆಯ, ಅದೇ ತವರದ ಮೇಲೆ. ಬೇರೆ ತುಂಡನ್ನು ಪಾಲಿಶ್ ಮಾಡಿ ತರಬೇಡಿ. ತವರ ಮೆದು, ಉಜ್ಜುಕಾಗದದ ಹರಳು ಅದರಲ್ಲಿ ಹೂತು ಕೂರುತ್ತದೆ. ನಿರ್ವಾತದಲ್ಲಿ ನಿಧಾನವಾಗಿ ಹೆಪ್ಪುಗಟ್ಟಿಸಿದ ಮೇಲ್ಮೈ ಸಾಕಷ್ಟು ನುಣುಪಾಗಿರುತ್ತದೆ. ಹೆಪ್ಪುಗಟ್ಟುವಾಗ ತವರ ಕುಗ್ಗುವುದರಿಂದ ನಡುವೆ ತಗ್ಗು ಬೀಳುತ್ತದೆ. ಆ ತಗ್ಗನ್ನು ಬಿಟ್ಟು ಪಕ್ಕದ ಚಪ್ಪಟೆ ಭಾಗ ಆರಿಸಿ. 300ರ ಮಸೂರವಿದ್ದರೆ ಈ ಮಟ್ಟದ ವ್ಯತ್ಯಾಸಕ್ಕೆ ನಾಭಿ ಕದಲುವುದಿಲ್ಲ.

45 ಡಿಗ್ರಿ ಓರೆಯಲ್ಲಿ ಕಿರಣದ ಗುರುತು ಉದ್ದವಾಗುತ್ತದೆ, ಫ್ಲೂಯೆನ್ಸ್ 0.707ರಿಂದ ಗುಣಿಸಬೇಕು. ಆವಿ ಮಾತ್ರ ಕಿರಣ ಎತ್ತಲಿಂದ ಬಂದರೂ ಮೇಲ್ಮೈಗೆ ನೆಟ್ಟಗೆ ಏಳುತ್ತದೆ. ಅಳೆಯುವ ಉಪಕರಣಗಳು ನೆತ್ತಿಯ ಮೇಲೆ, ಕಿರಣದ ಕಿಟಕಿ ಓರೆಯಲ್ಲಿ.

ಎರಡೂ ಸ್ಥಿತಿಗೆ ಹೊಂದುವ ಹೊಸ್ತಿಲಿನ ಗುರುತು ಕುಳಿಯಾಗಲಾರದು, ಬೆಳಕಾಗಬಹುದು. ತವರದ ಆವಿ 317.5, 326.2, 380.1 ನ್ಯಾನೊಮೀಟರ್‌ಗಳಲ್ಲಿ ಸ್ಪಷ್ಟ ಗೆರೆಗಳನ್ನು ಹೊರಸೂಸುತ್ತದೆ. 2023ರಲ್ಲಿ ಚಂದ್ರನ ನೆಲದಲ್ಲಿ ಗಂಧಕ ಗುರುತಿಸಿದ ಪ್ರಗ್ಯಾನ್ ರೋವರ್‌ನ ಲೇಸರ್ ಉಪಕರಣ, ಬೆಂಗಳೂರಿನ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ ತಯಾರಾದದ್ದು, ಇದೇ ತತ್ತ್ವದ್ದು. ಬೆಳಕನ್ನು ಬಣ್ಣವಾರು ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ಪಲ್ಸಿನ ನಂತರ ಒಂದು ಮೈಕ್ರೊಸೆಕೆಂಡ್ ಬಿಟ್ಟು ತೆರೆಯಲಿ, ಮೊದಲ ಕ್ಷಣದ ಬಿಳಿ ಬೆಳಕು ಕಳೆಯುತ್ತದೆ. ಒಂದೊಂದು ಶಕ್ತಿಯಲ್ಲೂ ನೂರು ಪಲ್ಸ್ ಹೊಡೆದು, ಐವತ್ತರಲ್ಲಿ ಗೆರೆ ಕಂಡ ಶಕ್ತಿಯನ್ನು ಹೊಸ್ತಿಲು ಎಂದು ಇಟ್ಟುಕೊಳ್ಳಿ. ಗಟ್ಟಿಗೂ ಅದೇ, ದ್ರವಕ್ಕೂ ಅದೇ.

ಇಲ್ಲಿ ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ಗಟ್ಟಿ ಲೋಹದ ಒಂದೇ ಜಾಗಕ್ಕೆ ಹೊಡೆಯುತ್ತಾ ಹೋದರೆ ಮೇಲ್ಮೈ ಒರಟಾಗಿ ಹೊಸ್ತಿಲು ಇಳಿಯುತ್ತದೆ. ಅದಕ್ಕಾಗಿ ಮೂಸೆಯನ್ನು ಸರಿಸುತ್ತಾ ಹೊಸ ಜಾಗ ಕೊಡಬೇಕು, ಹತ್ತು ಶುದ್ಧಿ ಪಲ್ಸಿನ ಮೇಲೆ ಅಳತೆಯ ಪಲ್ಸ್ ಕೆಲವೇ ಇರಲಿ. ದ್ರವಕ್ಕೆ ಹಳೆಯ ಗಾಯದ ನೆನಪಿಲ್ಲ. ಪೊರೆ ಇಲ್ಲದಿದ್ದರೆ ಪ್ರತಿ ಪಲ್ಸೂ ಮೊದಲ ಪಲ್ಸೇ. ಸಾವಿರ ಪಲ್ಸಿನ ಸರಾಸರಿ ತೆಗೆಯಲು ಕರಗಿದ ಲೋಹದಷ್ಟು ಒಳ್ಳೆಯ ಗುರಿ ಇನ್ನೊಂದಿಲ್ಲ.

ಆದರೆ ಅದು ಶಾಂತವಾಗಲು ಹೊತ್ತು ಬೇಕು. ಚದರ ಸೆಂಟಿಮೀಟರಿಗೆ ನೂರು ಕೋಟಿ ವ್ಯಾಟ್ ಬಿದ್ದಾಗ ಏಳುವ ಆವಿ ಲೋಹವನ್ನು ಸಾವಿರಾರು ವಾತಾವರಣದ ಒತ್ತಡದಿಂದ ಕೆಳಕ್ಕೆ ಒತ್ತುತ್ತದೆ. ಗಟ್ಟಿ ಲೋಹದಲ್ಲಿ ಕರಗಿದ ಪದರ ಒಂದೆರಡು ಮೈಕ್ರಾನ್ ಮಾತ್ರ. ಅದು ಬದಿಗೆ ಸರಿದು ಅಂಚಿನಲ್ಲಿ ಹೆಪ್ಪುಗಟ್ಟುತ್ತದೆ. ದ್ರವದಲ್ಲಿ ಆ ತಳವೇ ಇಲ್ಲ. ಗುಂಡಿ ಬೆಳೆಯುತ್ತಾ ಹೋಗಿ, ಮೇಲ್ಮೈ ಎಳೆತ ಅದನ್ನು ನಿಲ್ಲಿಸಿ, ಮತ್ತೆ ಮುಚ್ಚುವಾಗ ನಡುವಿನಿಂದ ತೆಳುವಾದ ಕಾರಂಜಿ ಚಿಮ್ಮುತ್ತದೆ. ಆಮೇಲೆ ಅಲೆ. 10 ಹರ್ಟ್ಜ್‌ನಲ್ಲಿ ಹೊಡೆದರೆ ಮುಂದಿನ ಪಲ್ಸ್ ಓರೆಯಾದ ಅಲೆಯ ಮೇಲೆ ಬೀಳುತ್ತದೆ. ದೀಪ 10 ಹರ್ಟ್ಜ್‌ನಲ್ಲೇ ಇರಲಿ, ಪಲ್ಸ್ ಐದರಲ್ಲಿ ಒಂದು, ಅಂದರೆ ಸೆಕೆಂಡಿಗೆ ಎರಡು. ಸಾಕೇ ಎಂದು ನೋಡಲು ಕೆಂಪು ಡಯೋಡ್ ಕಿರಣವನ್ನು ಮೇಲ್ಮೈಗೆ ಹಾಯಿಸಿ, ಗೋಡೆಯ ಮೇಲೆ ಬಿದ್ದ ಚುಕ್ಕೆ ಮುಂದಿನ ಪಲ್ಸಿಗೆ ಮೊದಲು ನಿಂತಿದೆಯೇ ಗಮನಿಸಿ. ರೋಟರಿ ಪಂಪಿನ ನಡುಕವೂ ಇದೇ ಚುಕ್ಕೆಯಲ್ಲಿ ಕಾಣುತ್ತದೆ. ಪಂಪಿನ ಕೊಳವೆಯ ನಡುಭಾಗವನ್ನು ಮರಳು ತುಂಬಿದ ಪೆಟ್ಟಿಗೆಯಲ್ಲಿ ಹೂತರೆ ಅದು ಬಹಳ ತಗ್ಗುತ್ತದೆ.

ಹನಿ ಬೇರೆ, ಆವಿ ಬೇರೆ

122 ಮೈಕ್ರಾನ್ ಕುಳಿಯಲ್ಲಿ ಅರ್ಧ ಮೈಕ್ರಾನ್ ಆಳ ತಾಮ್ರ ಹೋದರೆ ತೂಕ ಸುಮಾರು 50 ನ್ಯಾನೊಗ್ರಾಂ. 0.1 ಮಿಲಿಗ್ರಾಂ ತಕ್ಕಡಿಯಲ್ಲಿ ಇದನ್ನು ನಂಬುವಂತೆ ಕಾಣಲು 20,000 ಪಲ್ಸ್ ಬೇಕು. 70 ಗ್ರಾಂ ತವರದ ಮೂಸೆಯನ್ನು ತೂಗುವುದಂತೂ ವ್ಯರ್ಥ: ಹೊರತೆಗೆದ ಕೂಡಲೆ ಹಿಡಿಯುವ ಆಕ್ಸೈಡ್, ಗ್ರ್ಯಾಫೈಟ್ ಕುಡಿಯುವ ತೇವ ಎರಡೂ ಲೆಕ್ಕ ಕೆಡಿಸುತ್ತವೆ. ಹೋದದ್ದನ್ನು ಅಳೆಯುವ ಬದಲು ಬಂದದ್ದನ್ನು ಅಳೆಯಿರಿ.

ಮೇಲ್ಮೈಯಿಂದ 90 ಮಿಲಿಮೀಟರ್ ಎತ್ತರದಲ್ಲಿ 6 ಮೆಗಾಹರ್ಟ್ಜ್‌ನ ಕ್ವಾರ್ಟ್ಜ್ ಹರಳಿನ ತಕ್ಕಡಿ ಇಡಿ. ಚದರ ಸೆಂಟಿಮೀಟರಿಗೆ 12.3 ನ್ಯಾನೊಗ್ರಾಂ ಕೂತರೆ ಅದರ ಕಂಪನ ಒಂದು ಹರ್ಟ್ಜ್ ಇಳಿಯುತ್ತದೆ. ಪಲ್ಸಿಗೆ 50 ನ್ಯಾನೊಗ್ರಾಂ ಎದ್ದು ಮುಂದಕ್ಕೆ ಒತ್ತಾಗಿ ಹರಡಿದರೆ ಆ ದೂರದಲ್ಲಿ ಚದರ ಸೆಂಟಿಮೀಟರಿಗೆ ಅರ್ಧ ನ್ಯಾನೊಗ್ರಾಂ ಸಿಗುತ್ತದೆ, 500 ಪಲ್ಸಿಗೆ ಸುಮಾರು 20 ಹರ್ಟ್ಜ್. ಓದಲು ಧಾರಾಳ. ಬಿಸಿ ಮೂಸೆಯ ಶಾಖಕ್ಕೆ ಹರಳು ತೇಲಾಡುತ್ತದೆ, ಆದ್ದರಿಂದ ತಲೆಗೆ ನೀರಿನ ತಂಪು ಬೇಕೇ ಬೇಕು. ಪಲ್ಸ್ ಇಲ್ಲದೆ ಹತ್ತು ನಿಮಿಷ ಓದಿ ಅದರ ಸಹಜ ಜಾರುವಿಕೆಯನ್ನು ಕಳೆಯಿರಿ. ಫ್ಲೂಯೆನ್ಸ್ ಏರಿದಂತೆ ವೇಗದ ಅಯಾನುಗಳು ಕೂತ ಪದರವನ್ನೇ ಕೆತ್ತತೊಡಗುತ್ತವೆ, ಹರಳು ಕಡಿಮೆ ತೋರಿಸುತ್ತದೆ. ಶಕ್ತಿ ಏರಿಸಿದರೂ ಅಂಕಿ ಇಳಿಯಿತು ಎಂದರೆ ಇದನ್ನು ಮೊದಲು ಅನುಮಾನಿಸಿ.

ಆದರೆ ಹರಳಿಗೆ ಆವಿ ಯಾವುದು ಹನಿ ಯಾವುದು ಗೊತ್ತಾಗದು. ಬೇರ್ಪಡಿಸುವುದು ವೇಗ. ಆವಿ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಏಳುತ್ತದೆ. ಹನಿಗಳದು ಬಹುಮಟ್ಟಿಗೆ ನೂರಾರು ಮೀಟರಿನೊಳಗೆ. ನಡುವೆ, 60 ಮಿಲಿಮೀಟರ್ ಎತ್ತರದಲ್ಲಿ, ತಿರುಗುವ ತಟ್ಟೆ ಇಡಿ: ಅರ್ಧವ್ಯಾಸ 80 ಮಿಲಿಮೀಟರ್, ನಿಮಿಷಕ್ಕೆ 6000 ಸುತ್ತು, ಅಂಚಿನಲ್ಲಿ 10 ಮಿಲಿಮೀಟರ್ ಸೀಳು. ಅಂಚಿನ ವೇಗ ಸೆಕೆಂಡಿಗೆ 50 ಮೀಟರ್, ಸೀಳು 0.2 ಮಿಲಿಸೆಕೆಂಡ್ ತೆರೆದಿರುತ್ತದೆ. ಸೀಳು ತೆರೆಯುವ ಕ್ಷಣಕ್ಕೆ ಲೇಸರ್ ಹೊಡೆದರೆ ಆವಿ 6 ಮೈಕ್ರೊಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಸೆಕೆಂಡಿಗೆ 300 ಮೀಟರಿಗಿಂತ ನಿಧಾನದ ಹನಿ ಮುಚ್ಚಿದ ತಟ್ಟೆಗೆ ಬಡಿಯುತ್ತದೆ. ತಟ್ಟೆಯ ಪ್ರತಿ ಸುತ್ತಿಗೂ ಒಂದರಂತೆ ಬರುವ ಫೋಟೊಗೇಟ್ ಸಂಕೇತವನ್ನು 10ರಿಂದ ಭಾಗಿಸಿದರೆ ದೀಪಕ್ಕೆ 10 ಹರ್ಟ್ಜ್, 50ರಿಂದ ಭಾಗಿಸಿದರೆ ಕ್ಯೂ-ಸ್ವಿಚ್‌ಗೆ 2 ಹರ್ಟ್ಜ್. ತಟ್ಟೆ ಒಡೆದರೆ ಗುಂಡಿನಂತೆ ಹಾರುತ್ತದೆ. ಟೈಟಾನಿಯಂ ಅಥವಾ ಗಟ್ಟಿ ಉಕ್ಕಿನದನ್ನು ಸಮತೋಲ ಮಾಡಿಸಿ, ಉಕ್ಕಿನ ಕವಚದೊಳಗೇ ಓಡಿಸಿ.

ಈಗ ಎರಡು ಓದು. ತಟ್ಟೆ ಓಡುತ್ತಿರುವಾಗ ಹರಳು ತೋರಿಸುವುದು ಬರೀ ಆವಿ. ಸೀಳು ತೆರೆದಂತೆ ತಟ್ಟೆ ನಿಲ್ಲಿಸಿ ಓದಿದ್ದು ಆವಿಯ ಜೊತೆ ಹನಿ. 200 ಡಿಗ್ರಿಯಲ್ಲೂ 260ರಲ್ಲೂ ಎರಡೆರಡು ಓದು ತೆಗೆಯಿರಿ. ಆವಿಯ ಅಂಕಿ ಎರಡೂ ಸ್ಥಿತಿಯಲ್ಲಿ ಹತ್ತಿರ ಹತ್ತಿರ ಇರಬೇಕು. ವ್ಯತ್ಯಾಸವೆಲ್ಲ ಹನಿಯ ಪಾಲಿಗೆ ಸೇರಬೇಕು. ಆವಿಯೇ ದೊಡ್ಡದಾಗಿ ಬದಲಾಗಿದ್ದರೆ ಪೊರೆ ಅಥವಾ ಹೀರುವಿಕೆ ಕಡೆ ತಿರುಗಿ. ಹೊಸ್ತಿಲಿಗಿಂತ ಬಹಳ ಕೆಳಗಿನ ಶಕ್ತಿಯಲ್ಲಿ ಪ್ರತಿಫಲಿತ ಕಿರಣವನ್ನು ಎರಡೂ ಸ್ಥಿತಿಯಲ್ಲಿ ಅಳೆದರೆ ಅದು ಗೊತ್ತಾಗುತ್ತದೆ. ಕರಗಿದಾಗ ತವರದ ವಿದ್ಯುತ್ ರೋಧ ಎರಡು ಪಟ್ಟಾಗುತ್ತದೆ, ಹೀರುವಿಕೆಯೂ ಸ್ವಲ್ಪ ಏರುತ್ತದೆ. ಗಟ್ಟಿ ತವರವೂ ಪಲ್ಸಿನ ಆರಂಭದಲ್ಲೇ ಕರಗಿಬಿಡುವುದರಿಂದ ಈ ವ್ಯತ್ಯಾಸ ಬೇಗ ಅಳಿಸಿಹೋಗುತ್ತದೆ.

ದೊಡ್ಡ ಹನಿ ಬಿದ್ದರೆ ಹರಳು ಸತ್ತೇಹೋಗುತ್ತದೆ. ತಟ್ಟೆ ನಿಲ್ಲಿಸಿದ ಓದಿನಲ್ಲಿ ಹರಳಿನ ಪಕ್ಕ ಒಂದು ಸಿಲಿಕಾನ್ ಚೂರು ಇಟ್ಟು, ಹನಿಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ತಾಳೆ ನೋಡಿ.

ಗ್ಯಾಲಿಯಂ ಬಳಸುವುದಾದರೆ

29.76 ಡಿಗ್ರಿಗೇ ಕರಗುವುದರಿಂದ ಹೀಟರ್ ಗೋಳಿಲ್ಲ, ಆದರೆ ಅದರ ನಡತೆ ತವರಕ್ಕೆ ತಿರುಗುಮುರುಗು. ಗಟ್ಟಿಯಾಗುವಾಗ ಶೇ. 3ರಷ್ಟು ಹಿಗ್ಗುತ್ತದೆ, ಕರಗಿದಾಗ ಹೆಚ್ಚು ಹೊಳೆಯುತ್ತದೆ, ಅಂದರೆ ಬೆಳಕನ್ನು ಕಡಿಮೆ ಹೀರುತ್ತದೆ. ತಣಿಸಿದರೂ ತಾನಾಗಿ ಗಟ್ಟಿಯಾಗದೆ ದ್ರವವಾಗಿಯೇ ಉಳಿಯುತ್ತದೆ. ಗಟ್ಟಿ ಗ್ಯಾಲಿಯಂನ ಒಂದು ಚೂರನ್ನು ಬೀಜವಾಗಿ ಮುಟ್ಟಿಸಬೇಕು. ಪೊರೆ ಕ್ಷಣಾರ್ಧದಲ್ಲಿ ಕಟ್ಟುತ್ತದೆ. ಸಿರಿಂಜಿನಿಂದ ಪೊರೆಯ ಕೆಳಗಿನ ಲೋಹ ಎಳೆದುಕೊಳ್ಳುವುದು, ಅಥವಾ 1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದ ಕೆಲವು ಹನಿ ಹಾಕಿ, ನೀರಿನಲ್ಲಿ ತೊಳೆದು, ಒಣಗಿಸುವುದು. ಆಮ್ಲದ ಕೆಲಸ ಕೊಠಡಿಯ ಹೊರಗೇ ಆಗಲಿ.

ಅಲ್ಯೂಮಿನಿಯಂಗೆ ಗ್ಯಾಲಿಯಂ ಶತ್ರು. ಅಲ್ಯೂಮಿನಿಯಂ ಹರಳುಗಳ ಅಂಚಿನೊಳಗೆ ನುಸುಳಿ ಅದನ್ನು ಬಿಸ್ಕತ್ತಿನಂತೆ ಪುಡಿಯಾಗುವಂತೆ ಮಾಡುತ್ತದೆ. ಸಿಡಿದ ಒಂದು ಹನಿ ಅಲ್ಯೂಮಿನಿಯಂ ಕೊಠಡಿಗೋ ಮಸೂರದ ಹಿಡಿಗೋ ಬಿದ್ದರೆ ಆ ಭಾಗ ಕೆಟ್ಟಂತೆ. ಪಾತ್ರೆ ಪಿಟಿಎಫ್‌ಇ (ಟೆಫ್ಲಾನ್) ಅಥವಾ ಗ್ರ್ಯಾಫೈಟ್, ಸುತ್ತಲಿನ ಭಾಗ ಸ್ಟೇನ್‌ಲೆಸ್ ಉಕ್ಕು.

ಕಿಟಕಿ, ಮತ್ತೆ ಮತ್ತೆ ಕಿಟಕಿ

ಪ್ರಯೋಗ ಕೆಡುವುದಕ್ಕೆ ಕಾರಣ ಹುಡುಕಿದರೆ ಬಹಳ ಸಲ ಸಿಗುವುದು ಕಿರಣದ ಕಿಟಕಿ. ಓರೆಯಲ್ಲಿದ್ದರೂ ಅದರ ಒಳಮೈಗೆ ತವರ ಸ್ವಲ್ಪ ಸ್ವಲ್ಪವಾಗಿ ಮೆತ್ತಿಕೊಳ್ಳುತ್ತದೆ. ಅಬ್ಲೇಶನ್ ದಿನವಿಡೀ ಕಡಿಮೆಯಾಗುತ್ತಾ ಹೋಗುತ್ತದೆ, ಹೊರಗಿನ ಶಕ್ತಿ ಮೀಟರ್ ಮಾತ್ರ ಒಂದೇ ಅಂಕಿ ತೋರಿಸುತ್ತದೆ. ಮೆತ್ತಿದ ಲೋಹವೇ ಕಿರಣ ಹೀರಿ ಕಿಟಕಿ ಸೀಳಿದರೆ ನಿರ್ವಾತ ಕೊಠಡಿ ಒಳಕ್ಕೆ ಸಿಡಿಯುವ ಅಪಾಯವೂ ಇದೆ. ಕಿಟಕಿಯ ಒಳಗೆ ಸೂಕ್ಷ್ಮದರ್ಶಕದ ಸಾಮಾನ್ಯ ಗಾಜಿನ ಪಟ್ಟಿ ಇಡಿ, ಅದು 1064ರ ಬೆಳಕನ್ನು ಶೇ. 92ರಷ್ಟು ಬಿಡುತ್ತದೆ. ಪ್ರತಿ 500 ಪಲ್ಸಿಗೆ ಅದರ ಮೂಲಕ ಹಾಯುವ ಶಕ್ತಿ ಅಳೆದು, ಶೇ. 3 ಇಳಿದ ಕೂಡಲೆ ಬದಲಿಸಿ.

ಗಾಳಿಯಲ್ಲೋ ಒಂದು ವಾತಾವರಣ ಒತ್ತಡದ ಆರ್ಗಾನ್‌ನಲ್ಲೋ ಮಾಡುವವರಿಗೆ ಇನ್ನೊಂದು ತೊಡಕು: ಹಿಂದಿನ ಪಲ್ಸಿನ ಧೂಳು ಗುರಿಯ ಮೇಲೆ ತೇಲುತ್ತಿದ್ದು, ಮುಂದಿನ ಪಲ್ಸ್ ಆ ಧೂಳಿನಲ್ಲೇ ಕಿಡಿಯಾಗಿ ಲೋಹ ಮುಟ್ಟುವುದಿಲ್ಲ. ಟಪ್ಪೆಂಬ ಸದ್ದು ಜೋರಾಗಿ, ಕುಳಿ ಚಿಕ್ಕದಾದರೆ ಇದೇ. ನಾಭಿಯನ್ನು ಮೇಲ್ಮೈಗಿಂತ ಒಂದೆರಡು ಮಿಲಿಮೀಟರ್ ಕೆಳಕ್ಕೆ ಇಟ್ಟು, ಆರ್ಗಾನನ್ನು ಅಡ್ಡಲಾಗಿ ನಿಧಾನವಾಗಿ ಹರಿಸಿ.

ನಿಲ್ಲಿಸುವಾಗ ತವರವನ್ನು ನಿರ್ವಾತದಲ್ಲೇ 50 ಡಿಗ್ರಿಗೆ ಇಳಿಸಿ, ಆಮೇಲೆ ಆರ್ಗಾನ್ ಬಿಡಿ. ಬಿಸಿಯಿರುವಾಗ ಗಾಳಿ ಬಿಟ್ಟರೆ ಮುಂದಿನ ದಿನ ಮತ್ತೆ ಆಲಿಕೆಯಿಂದ ಶುರು. ಗ್ಯಾಲಿಯಂ ಆದರೆ ಗಾಜಿನಲ್ಲಿ ಬಿಡಬೇಡಿ, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಗಾಜು ಒಡೆಯುತ್ತದೆ. ಮೇಲೆ ಜಾಗ ಬಿಟ್ಟು, ಮೆದು ಪ್ಲಾಸ್ಟಿಕ್ ಶೀಶೆಯಲ್ಲಿ ತುಂಬಿ, ಅಲ್ಯೂಮಿನಿಯಂ ಇರದ ಕಪಾಟಿನಲ್ಲಿ ಇಡಿ.